ಮಡಿಕೇರಿ ಅರಮನೆ: ಕಟ್ಟಿಸಿದವರು ಯಾರು, ಕಚೇರಿಯಾದದ್ದು ಹೇಗೆ?

ಮಾನ್ಯರೇ, ಮಡಿಕೇರಿ ಕೋಟೆಯೊಳಗಿನ ಅರಮನೆ ಟಿಪ್ಪು ಕಟ್ಟಿಸಿದ್ದೇ, ಅದು ಸರ್ಕಾರಿ ಕಚೇರಿಯಾದದ್ದು ಹೇಗೆ ಎಂದು ಕೇಳಿದ್ದೀರಿ. ಇಲ್ಲಿ ಕೋಟೆ ಮತ್ತು ಅರಮನೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಮಡಿಕೇರಿಗೆ ತಂದು ಮಣ್ಣಿನ ಕೋಟೆ ಕಟ್ಟಿಸಿದನು. ಅದನ್ನು ಕಲ್ಲಿನಲ್ಲಿ ಮರುನಿರ್ಮಿಸಿ ಜಾಫರಾಬಾದ್ ಎಂದು ಕರೆದವನು ಟಿಪ್ಪು. 1790ರಲ್ಲಿ ಕೋಟೆ ಮರಳಿ ಅದೇ ವಂಶದ ಅರಸ ದೊಡ್ಡವೀರರಾಜೇಂದ್ರನ ವಶವಾಯಿತು. ಈಗ ಕಾಣುವ ಎರಡಂತಸ್ತಿನ ಅರಮನೆ ಮಾತ್ರ ಅವನ ತಮ್ಮ ಲಿಂಗರಾಜೇಂದ್ರನು 1812ರಿಂದ 1814ರವರೆಗೆ ಮರಳಿ ಕಟ್ಟಿಸಿದ್ದು.

ಒಳಾಂಗಣದ ಕಲ್ಲಿನ ಆಮೆಯನ್ನೂ ಹೊರಗೆ ನಿಂತಿರುವ ಗಾರೆಯ ಜೋಡಿ ಆನೆಗಳನ್ನೂ ಹತ್ತಿರದಿಂದ ನೋಡಿದರೆ, ಅದು ಅರಸರ ಮನೆಯಾಗಿತ್ತೆಂಬುದು ಇಂದಿಗೂ ಮನಸ್ಸಿಗೆ ತಟ್ಟುತ್ತದೆ.

1834ರ ಏಪ್ರಿಲ್‌ನಲ್ಲಿ ಬ್ರಿಟಿಷರು ಈ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ ಬಳಿಕ ಅರಮನೆ ಆಡಳಿತದ ಕಟ್ಟಡವಾಯಿತು. ಸ್ವಾತಂತ್ರ್ಯದ ನಂತರವೂ ಜಿಲ್ಲಾ ಕಚೇರಿಗಳು ಬಹುಕಾಲ ಅಲ್ಲಿಯೇ ನಡೆದವು. ಹೆಚ್ಚು ನೋವಿನ ಸಂಗತಿಯೆಂದರೆ, ಕೋಟೆಯೊಳಗಿದ್ದ ವೀರಭದ್ರ ದೇವಾಲಯವನ್ನು ತೆಗೆದು ಆ ಜಾಗದಲ್ಲಿ 1855ರಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿದ್ದು. ಆ ಚರ್ಚ್ ಕಟ್ಟಡವೇ ಈಗಿನ ವಸ್ತುಸಂಗ್ರಹಾಲಯ.