ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ

ಸಿರುಗುಪ್ಪ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: "ಹೆರಿಗೆಯನ್ನು ದವಾಖಾನೆಯಲ್ಲೇ ಮಾಡಿಸಿ ಎಂದು ನಿಮ್ಮ ಪತ್ರಿಕೆ ಮತ್ತೆ ಮತ್ತೆ ಬರೆಯುತ್ತದೆ. ಬಳ್ಳಾರಿಯಲ್ಲಿ ಬಾಣಂತಿಯರು ಸತ್ತದ್ದು ದವಾಖಾನೆಯಲ್ಲೇ ಅಲ್ಲವೇ? ನನ್ನ ಅತ್ತೆ ಒಂಬತ್ತು ಮಕ್ಕಳನ್ನು ಮನೆಯಲ್ಲೇ ಹೆತ್ತವರು. ಕುಬುಸ ಮುಗಿಸಿಕೊಂಡು ಮಗಳು ತವರಿಗೆ ಬಂದಿದ್ದಾಳೆ. ಚೊಚ್ಚಲು, ಏಳು ತಿಂಗಳು. ಯಾವ ಧೈರ್ಯದ ಮೇಲೆ ಕಳುಹಿಸಲಿ? ರಕ್ತ 8.4 ಇದೆಯೆಂದು ಸಿಸ್ಟರ್ ಹೇಳಿದ್ದಾರೆ, ಉಳಿದಂತೆ ಆರೋಗ್ಯವಾಗಿದ್ದಾಳೆ."

ಅಕ್ಕನವರೇ,

ನಿಮ್ಮ ಸಿಟ್ಟು ನ್ಯಾಯವಾದದ್ದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ಆ ದಿನಗಳಲ್ಲಿ ಈ ಕಚೇರಿಯಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯಲಿಲ್ಲ. ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ. ಶಸ್ತ್ರಚಿಕಿತ್ಸೆಯಾದವರಿಗೆ ದಿನನಿತ್ಯ ಏರಿಸುವ, ತೀರಾ ಸಾಮಾನ್ಯವಾದ ಬಾಟಲಿ ಅದು. ಅದರ ಕೆಲವು ಬ್ಯಾಚುಗಳು ರಾಜ್ಯದ ಪ್ರಯೋಗಾಲಯದಲ್ಲಿ ಮೊದಲೇ ನಪಾಸಾಗಿದ್ದವು. ಸರ್ಕಾರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಅಷ್ಟರಲ್ಲಿ ಹಸುಗೂಸುಗಳು ಅಜ್ಜಿಯರ ಮಡಿಲು ಸೇರಿದ್ದವು. ಇದನ್ನು ಕಂಡ ತಾಯಿಗೆ ಹೆದರಬೇಡ ಎಂದು ಬುದ್ಧಿ ಹೇಳುವ ಹಕ್ಕು ನನಗಿಲ್ಲ.

ಆದರೂ ಮಗಳ ಹೆರಿಗೆಯನ್ನು ಮನೆಯಲ್ಲಿ ಮಾಡಿಸಬೇಡಿ.

ಒಂದು ಸಂಜೆ ಅತ್ತೆಯವರ ಬಳಿ ಕುಳಿತು ಕೇಳಿ: ಆ ಒಂಬತ್ತರಲ್ಲಿ ಎಷ್ಟು ಉಳಿದವು, ಅವರ ಓರಗೆಯವರಲ್ಲಿ ಯಾರು ಯಾರು ಬಾಣಂತಿ ಕೋಣೆಯಿಂದ ಹೊರಗೆ ಬರಲಿಲ್ಲ? ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಅಂಥ ಹೆಸರುಗಳನ್ನು ಎಣಿಸಿಯೇ ಬಂದದ್ದು. 2004–06ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018–20ರಲ್ಲಿ ಅದು 69ಕ್ಕೆ ಇಳಿದಿತ್ತು. ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ಆಸ್ಪತ್ರೆಯಲ್ಲಾಗುವ ಹೆರಿಗೆಗಳು ನೂರರಲ್ಲಿ 65ರಿಂದ 97ಕ್ಕೆ ಏರಿದವು. ಸೂಲಗಿತ್ತಿಯರ ಕೈಗುಣವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಮಾಸು ಬೀಳದೆ ನೆತ್ತರು ಹರಿಯತೊಡಗಿದರೆ ಕೊಡುವುದಕ್ಕೆ ಅವರ ಬಳಿ ರಕ್ತವಿರುವುದಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಅದೇ 2018–20ರಲ್ಲಿ ತಮಿಳುನಾಡಿನ ಅಂಕಿ 54, ಆಂಧ್ರದ್ದು 45, ಕೇರಳದ್ದು 19. ನಮ್ಮಲ್ಲೂ ಬಹುತೇಕ ಎಲ್ಲರೂ ಆಸ್ಪತ್ರೆಗೇ ಹೋಗುತ್ತಿರುವಾಗ ಈ ಅಂತರವೇಕೆ? 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗಿನಿಂದ ತಾಯಂದಿರನ್ನು ಬಾಗಿಲ ತನಕ ಕರೆತರಲು ಪಟ್ಟಷ್ಟು ಶ್ರಮವನ್ನು ಬಾಗಿಲೊಳಗಿನ ಸಿದ್ಧತೆಗೆ ನಾವು ಪಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆಶಾ ಕಾರ್ಯಕರ್ತೆಯರು, ಜನನಿ ಸುರಕ್ಷಾ ಹಣ, 2008ರಿಂದ ಓಡಾಡುತ್ತಿರುವ 108 ಆಂಬುಲೆನ್ಸ್, ಎಲ್ಲವೂ ದೊಡ್ಡ ಕೆಲಸ ಮಾಡಿವೆ. ಅವುಗಳ ಕೆಲಸ ಬಾಗಿಲಲ್ಲಿ ಮುಗಿಯುತ್ತದೆ.

ನನ್ನ ತಂಗಿಯ ಎರಡನೆಯ ಹೆರಿಗೆಯ ರಾತ್ರಿ ನಾವು ಮೂರು ಆಸ್ಪತ್ರೆಗಳನ್ನು ಕಂಡೆವು. ಮೊದಲನೆಯದರಲ್ಲಿ ಹೆರಿಗೆಯಾಯಿತು, ಸ್ರಾವ ನಿಲ್ಲಲಿಲ್ಲ. ಎರಡನೆಯದರಲ್ಲಿ ವೈದ್ಯರಿದ್ದರು, ರಕ್ತವಿರಲಿಲ್ಲ. ಎರಡೂ ಇದ್ದ ಮೂರನೆಯದನ್ನು ಮುಟ್ಟುವಾಗ ಕೋಳಿ ಕೂಗುವ ಹೊತ್ತು. ಆಂಬುಲೆನ್ಸ್ ಎರಡು ಸಲವೂ ಹೊತ್ತಿಗೆ ಸರಿಯಾಗಿ ಬಂದಿತ್ತು. ಹೊರಡುವ ಮೊದಲು ಮುಂದಿನ ಆಸ್ಪತ್ರೆಗೆ ಒಂದು ಫೋನ್ ಮಾಡಿ "ರಕ್ತವಿದೆಯೇ" ಎಂದು ಕೇಳಿದವರಿಲ್ಲ. ತಂಗಿ ಉಳಿದಳು. ಆ ರಾತ್ರಿಯನ್ನು ನಾನು ಮರೆತಿಲ್ಲ.

ಹೆರಿಗೆಯ ನಂತರದ ಸ್ರಾವ ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲದು. ತಡೆಯುವ ಮೊದಲ ಮದ್ದು ಆಕ್ಸಿಟೋಸಿನ್ ಎಂಬ ಅಗ್ಗದ ಚುಚ್ಚುಮದ್ದು. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಟ್ರೇನ ಮೇಲೆ ದಿನಗಟ್ಟಲೆ ಉಳಿದರೆ ಸತ್ವ ಕಳೆದುಕೊಳ್ಳುತ್ತದೆ, ನೋಡುವುದಕ್ಕೆ ಮಾತ್ರ ಹಾಗೆಯೇ ಇರುತ್ತದೆ. ಕುಡುತಿನಿಯ ಸ್ಥಾವರದಿಂದ ನಾಡಿಗೆ ವಿದ್ಯುತ್ ಕೊಡುವ ಜಿಲ್ಲೆ ನಮ್ಮದು. ಹೆರಿಗೆ ಕೊಠಡಿಯ ಒಂದು ಫ್ರಿಜ್‌ಗೆ ಕಡಿತವಿಲ್ಲದ ವಿದ್ಯುತ್ ಕೊಡಿ ಎಂದು ಕೇಳುವುದು ಅತಿಯಾಸೆಯಾಗುವುದಿಲ್ಲ. ಹೋದ ನೆತ್ತರನ್ನು ಕಣ್ಣಂದಾಜಿನಲ್ಲಿ ಹೇಳುವ ರೂಢಿಯೂ ಅಪಾಯಕಾರಿ. ನಾಲ್ಕು ಆಫ್ರಿಕನ್ ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಸಿನಲ್ಲಿ ರಕ್ತವನ್ನು ಅಳೆದು, ಮಿತಿ ಮೀರಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಆರಂಭಿಸಿದರು. ತೀವ್ರ ಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ನೂರಕ್ಕೆ 60ರಷ್ಟು ತಗ್ಗಿದವು. ಒಂದು ಪ್ಲಾಸ್ಟಿಕ್ ಹಾಸು, ಕಲಿತ ಕೈಗಳು!

ಕೈಗಳನ್ನು ಕಲಿಸುವ ದಾರಿ ನಮ್ಮ ಮಣ್ಣಿನಲ್ಲೇ ಪರೀಕ್ಷೆಗೊಳಗಾಗಿದೆ. 2012–13ರಲ್ಲಿ ಬಳ್ಳಾರಿ ಮತ್ತು ಗುಲ್ಬರ್ಗ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ತೆಗೆದುಕೊಂಡು, ಅರ್ಧದಷ್ಟು ಕೇಂದ್ರಗಳಿಗೆ ಅನುಭವಿ ನರ್ಸ್‌ಗಳನ್ನು ಮಾರ್ಗದರ್ಶಕಿಯರನ್ನಾಗಿ ಕಳುಹಿಸಿದರು. ಅವರು ಹೆರಿಗೆ ಕೊಠಡಿಯಲ್ಲೇ ಸಿಬ್ಬಂದಿಯ ಪಕ್ಕದಲ್ಲಿ ನಿಂತು ಕಲಿಸಿದರು. ಆ ಕೇಂದ್ರಗಳಲ್ಲಿ ಸಿದ್ಧತೆಯೂ ತಿಳಿವಳಿಕೆಯೂ ಸುಧಾರಿಸಿದವು. ಇಂಥ ಕೆಲಸಕ್ಕೆ ಉದ್ಘಾಟನೆಯ ಕಲ್ಲು ಹಾಕಿಸಲು ಬರುವುದಿಲ್ಲ. ಪ್ರತಿವರ್ಷ, ಪ್ರತಿ ಕೇಂದ್ರದಲ್ಲಿ ಇದು ನಡೆಯುತ್ತಲೇ ಇರಬೇಕು. ಹಣದ ಮಾತೆತ್ತುವವರಿಗೆ ಒಂದು ನೆನಪು: ಗಣಿ ಜಿಲ್ಲೆಗಳಿಗೆ 2015ರಿಂದ, ಗಣಿ ನಡೆಸುವವರು ಕಟ್ಟುವ ಹಣದಿಂದಾದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿದೆ. ಅದರಲ್ಲಿ ನೂರಕ್ಕೆ ಕನಿಷ್ಠ 60 ಭಾಗವನ್ನು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆಯರು ಮತ್ತು ಮಕ್ಕಳ ಕಲ್ಯಾಣದಂಥ ಆದ್ಯತೆಗಳಿಗೆ ಬಳಸಬೇಕೆಂದು ಆಗಲೇ ನಿಯಮವಾಗಿತ್ತು. ಸಂಡೂರಿನ ಗುಡ್ಡ ಕರಗಿ ಬಂದ ಹಣದಲ್ಲಿ ಹೆರಿಗೆ ಕೊಠಡಿಗಳ ಪಾಲು ಎಷ್ಟು ಎಂದು ಗ್ರಾಮಸಭೆಯಲ್ಲಿ ಕೇಳಿ. ನಾವೂ ಇಲ್ಲಿ ಕೇಳುತ್ತೇವೆ.

ಇನ್ನೊಂದು ಮಾತು. ನಮ್ಮ ಕಡೆಯ ಹೆಣ್ಣುಮಕ್ಕಳು ಬಸುರಿನ ದಿನಗಳನ್ನು ಒಂದೇ ಊರಿನಲ್ಲಿ ಕಳೆಯುವುದಿಲ್ಲ. ತಪಾಸಣೆ ಗಂಡನ ಊರಿನಲ್ಲಿ, ಹೆರಿಗೆ ತವರಿನಲ್ಲಿ. ಗುಳೆ ಹೋದವರದು ಇನ್ನೂ ಕಷ್ಟ: ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡಿನಲ್ಲಿ ಎಂಟು ತಿಂಗಳು ತುಂಬಿರುತ್ತದೆ, ತಾಯಿ ಕಾರ್ಡ್ ಊರಿನ ಟ್ರಂಕಿನಲ್ಲಿರುತ್ತದೆ. ಒಂದು ಊರಿನ ಪಟ್ಟಿಯಿಂದ ಹೆಸರು ಜಾರಿದ ದಿನದಿಂದ ಇನ್ನೊಂದು ಊರಿನ ಪಟ್ಟಿಗೆ ಸೇರುವವರೆಗೆ ಅವಳು ಯಾರ ಲೆಕ್ಕದಲ್ಲೂ ಇರುವುದಿಲ್ಲ. ನಿಮ್ಮ ಮಗಳ ಕಾರ್ಡ್ ಎಲ್ಲಿದೆ? ಅತ್ತೆಮನೆಯಲ್ಲಿ ಉಳಿದಿದ್ದರೆ ಇವತ್ತೇ ತರಿಸಿ, ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಬಳಿ ಹೆಸರು ಬರೆಸಿ.

ಈಗ ಆ 8.4ರ ವಿಷಯ. ಅದೊಂದನ್ನು ಹೇಳಿ, ಉಳಿದಂತೆ ಆರೋಗ್ಯ ಎಂದು ಬರೆದಿರಿ. ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಆ ಸಾಲೇ. ಬಸುರಿಯ ಹಿಮೋಗ್ಲೋಬಿನ್ 11 ಇರಬೇಕು. 8.4 ಇರುವವಳು, ಬೇರೆಯವರು ತಾಳಿಕೊಳ್ಳುವಷ್ಟು ಸ್ರಾವವನ್ನೂ ತಾಳಿಕೊಳ್ಳಲಾರಳು. ಎರಡು ತಿಂಗಳು ಕೈಯಲ್ಲಿರುವುದು ನಮ್ಮ ಪುಣ್ಯ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರ ತಪಾಸಣೆ ಇರುತ್ತದೆ; ಅಲ್ಲಿಯ ತನಕವೂ ಕಾಯದೆ ಈ ವಾರವೇ ತೋರಿಸಿ. ಈ ಮಟ್ಟದ ರಕ್ತಹೀನತೆಗೆ ದಿನಕ್ಕೆ ಎರಡು ಕಬ್ಬಿಣದ ಮಾತ್ರೆ ಕೊಡುವುದು ಪದ್ಧತಿ. ಏರದಿದ್ದರೆ ರಕ್ತನಾಳಕ್ಕೆ ನೇರವಾಗಿ ಕೊಡುವ ಕಬ್ಬಿಣವಿದೆ, ವೈದ್ಯರನ್ನು ಕೇಳಿ. ಮಾತ್ರೆಯನ್ನು ಚಹಾ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆ ಕೊಡಬೇಡಿ, ನಿಂಬೆಹಣ್ಣಿನ ಪಾನಕದ ಜೊತೆ ಕೊಡಿ. ಮಲ ಕಪ್ಪಾದರೆ ಗಾಬರಿಯಾಗಿ ನಿಲ್ಲಿಸಬೇಡಿ. ತಿಂಗಳೊಳಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ.

ಹೆರಿಗೆಯ ಆಸ್ಪತ್ರೆಯನ್ನು ಈಗಲೇ ಹೋಗಿ ನೋಡಿ ಬನ್ನಿ. ರಾತ್ರಿ ಹೊತ್ತು ಅರಿವಳಿಕೆ ವೈದ್ಯರು ಸಿಗುತ್ತಾರೆಯೇ, ರಕ್ತ ಸಂಗ್ರಹವಿದೆಯೇ, ಇಲ್ಲದಿದ್ದರೆ ಎಲ್ಲಿಗೆ ಕಳುಹಿಸುತ್ತಾರೆ ಎಂದು ಕೇಳಿ. ಕೇಳಿದರೆ ಬೇಸರಪಡುತ್ತಾರೆಂದು ಸಂಕೋಚ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಹೋಗಿ ಬರುವ ವಾಹನ, ಎಲ್ಲವೂ 2011ರಿಂದ ಉಚಿತ. ಮಗಳ ರಕ್ತದ ಗುಂಪು ಬರೆದಿಟ್ಟುಕೊಂಡು, ರಕ್ತ ಕೊಡಬಲ್ಲ ಇಬ್ಬರು ನೆಂಟರಿಗೆ ಮೊದಲೇ ಹೇಳಿಡಿ. ಹೆರಿಗೆಯಾದ ಮೇಲೆ 48 ಗಂಟೆ ಅಲ್ಲೇ ಇರಿ, ಮನೆಯಲ್ಲಿ ಎಷ್ಟೇ ಕೆಲಸವಿದ್ದರೂ.

ಮುಂದಿನ ರಕ್ತ ಪರೀಕ್ಷೆಯ ಅಂಕಿಯನ್ನು ನನಗೆ ಬರೆದು ತಿಳಿಸಿ. ಹೆರಿಗೆಯಾದ ಮೇಲೆ ಕೂಸಿನ ತೂಕವನ್ನೂ.