ಅಮ್ಮನನ್ನು ಜೇಡ ಅನ್ನಬಹುದಾ?

ಪ್ರಶ್ನೆ: ಮೇಡಂ, ಟೋಕಿಯೊದಲ್ಲಿರುವ ಮಗ ಒಂದು ಫೋಟೊ ಕಳಿಸಿದ್ದಾನೆ. ರೊಪ್ಪೊಂಗಿ ಹಿಲ್ಸ್ ಅನ್ನುವ ಕಡೆ ಮನೆಗಿಂತ ಎತ್ತರದ ಜೇಡ ನಿಂತಿದೆ. ಅದರ ಹೆಸರು 'ಅಮ್ಮ' ಅಂತೆ, ಮಾಡಿದ್ದೂ ಒಬ್ಬ ಹೆಂಗಸಂತೆ! ಹೆತ್ತವಳ ಮೇಲೆ ಅಷ್ಟೊಂದು ಸಿಟ್ಟೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸಿಟ್ಟಲ್ಲ, ಪ್ರೀತಿ. ಸಿಟ್ಟೆಲ್ಲ ಇದ್ದದ್ದು ಅಪ್ಪನ ಮೇಲೆ.

ಆಕೆ ಲೂಯೀಸ್ ಬೂರ್ಜ್ವಾ. ಹುಟ್ಟಿದ್ದು 1911ರಲ್ಲಿ, ಪ್ಯಾರಿಸ್‌ನಲ್ಲಿ. ಮನೆಯವರದು ಹಳೆಯ ಟ್ಯಾಪೆಸ್ಟ್ರಿ, ಅಂದರೆ ಗೋಡೆಗೆ ತೂಗುಹಾಕುವ ಚಿತ್ರ ನೇಯ್ದ ಬಟ್ಟೆ, ರಿಪೇರಿ ಮಾಡುವ ಕಸುಬು. ಇಂಥ ಬಟ್ಟೆ ಕೆಳಗಿನ ಅಂಚಿನಲ್ಲೇ ಜಾಸ್ತಿ ಸವೆಯುತ್ತದೆ. ಚಿತ್ರದಲ್ಲಿರುವವರ ಪಾದಗಳೇ ಮಾಯ! ಆ ಪಾದಗಳನ್ನು ಬರೆದುಕೊಡುವುದು ಹುಡುಗಿ ಲೂಯೀಸಳ ಕೆಲಸ. ರಿಪೇರಿ ನೋಡಿಕೊಳ್ಳುತ್ತಿದ್ದವರು ಅಮ್ಮ.

ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಮನೆಗೆ ಬಂದವಳ ಜೊತೆ ಅಪ್ಪ ಸಂಬಂಧ ಇಟ್ಟುಕೊಂಡರು. ಆಕೆ ವರ್ಷಗಟ್ಟಲೆ ಅಲ್ಲೇ ಇದ್ದಳು. ಅಮ್ಮ ಕಂಡೂ ಕಾಣದಂತೆ ಇದ್ದರು. ಊಟದ ಮೇಜಿನಲ್ಲಿ ಅಪ್ಪನದೇ ಮಾತು, ಅಪ್ಪನದೇ ದರ್ಬಾರು. ಮಗು ಏನು ಮಾಡಬೇಕು ಹೇಳಿ? ಬ್ರೆಡ್ಡಿನ ಮೆದು ಭಾಗವನ್ನು ಎಂಜಲಿನಲ್ಲಿ ನಾದಿ ಅಪ್ಪನ ಗೊಂಬೆ ಮಾಡಿದಳು. ಚಾಕು ತೆಗೆದು ಅದರ ಕೈಕಾಲು ಕತ್ತರಿಸಿದಳು. ತನ್ನ ಶಿಲ್ಪಕಲೆ ಶುರುವಾಗಿದ್ದು ಅಲ್ಲಿಂದ ಎಂದು ಅವರೇ ಹೇಳಿಕೊಂಡಿದ್ದಾರೆ. ಅರವತ್ತು ದಾಟಿದ ಮೇಲೆ, 1974ರಲ್ಲಿ, ಅದೇ ಮೇಜಿಗೆ ಮತ್ತೆ ಹೋದರು. 'ಅಪ್ಪನ ನಾಶ' ಎಂಬ ಆ ಕೃತಿ ಒಂದು ಕೆಂಪು ಬೆಳಕಿನ ಗವಿ, ಒಳಗೆ ಮಾಂಸದ ತುಂಡುಗಳಂಥ ಆಕಾರಗಳು. ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಮ್ಮ 1932ರಲ್ಲಿ ತೀರಿಕೊಂಡರು. ಗಣಿತ ಓದುತ್ತಿದ್ದ ಮಗಳು ಅದನ್ನು ಬಿಟ್ಟು ಕಲೆಗೆ ಬಂದರು. 1938ರಲ್ಲಿ ಮದುವೆಯಾಗಿ ನ್ಯೂಯಾರ್ಕ್ ಸೇರಿದರು. ಅಲ್ಲಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ದೊಡ್ಡ ಪ್ರದರ್ಶನ ಇಟ್ಟಿದ್ದು 1982ರಲ್ಲಿ. ಆಗ ವಯಸ್ಸು ಎಪ್ಪತ್ತು! ಅಷ್ಟು ವರ್ಷ ಕಾಯಿಸಿದ್ದು ಅನ್ಯಾಯ ಅಂತಲೇ ನನಗನಿಸುತ್ತದೆ.

ನಿಮ್ಮ ಮಗ ಕಂಡ ಜೇಡದ ಮೂಲ 1999ರದು. ಎತ್ತರ ಸುಮಾರು 30 ಅಡಿ. ಜೇಡದ ಬಲೆ ಹರಿದರೆ ಅದು ಸಿಟ್ಟಾಗುವುದಿಲ್ಲ, ಸುಮ್ನೆ ಮತ್ತೆ ನೇಯುತ್ತದೆ. ಬೂರ್ಜ್ವಾ ಕಂಡ ಅಮ್ಮನೂ ಹಾಗೇ, ಜಾಣೆ, ತಾಳ್ಮೆಯವಳು.

ಸ್ಪೇನಿನ ಬಿಲ್ಬಾವೊದಲ್ಲೂ ಇಂಥದ್ದೇ ಒಂದಿದೆ. ಅದರ ಕಾಲುಗಳ ನಡುವೆ ನಿಂತಾಗ ನನಗೆ ಅಜ್ಜಿ ನೆನಪಾದರು. ಅವರು ಕೌದಿ ಹೊಲಿಯುವಾಗ ನಾವು ಮಕ್ಕಳು ಅದರ ಅಡಿಗೇ ತೂರಿಕೊಂಡು ಮಲಗುತ್ತಿದ್ದೆವು. ಮಗ ಮತ್ತೆ ಆ ಕಡೆ ಹೋದರೆ ಜೇಡದ ಹೊಟ್ಟೆಯ ಕೆಳಗೆ ನಿಂತು ಮೇಲಕ್ಕೆ ಫೋಟೊ ತೆಗೆಯಲು ಹೇಳಿ. ಅಲ್ಲೊಂದು ಲೋಹದ ಜಾಲರಿಯ ಚೀಲವಿದೆ. ಒಳಗಿರುವ ಬಿಳಿ ಅಮೃತಶಿಲೆಯ ಮೊಟ್ಟೆಗಳು ಅಲ್ಲಿಂದ ಚೆನ್ನಾಗಿ ಕಾಣುತ್ತವೆ.