ಕಾರಿನ ಹಾರ್ನ್ ಒಮ್ಮೆಲೇ ಬಂದ್ ಆಗ್ಯಾದ, ಹೊಸಾದು ಹಾಕಿಸ್ಬೇಕೇನ್ರಿ?

ಗ್ಯಾರೇಜಿನವರು ಬಾನೆಟ್ ಸುದ್ದಾ ತೆಗೀದೇ 'ಎರಡೂ ಹಾರ್ನ್ ಹೊಸಾವು ಹಾಕ್ರಿ' ಅಂದಾರ ಅಂತ ಬರ್ದೀರಿ. ಈಗೇ ರೊಕ್ಕ ಕೊಡಬ್ಯಾಡ್ರಿ. ಎರಡೂ ಹಾರ್ನ್ ಕೂಡೇ ಕೆಡೋದು ಭಾಳ ಕಮ್ಮಿ. ಒಂದು ಹೋದ್ರ ಇನ್ನೊಂದು ಸಣ್ಣ ದನಿಯಾಗರೇ ಕೂಗ್ತದ. ಎರಡೂ ಗಪ್ ಅಂದ್ರ ಅಲ್ಲಿಗೆ ಕರೆಂಟೇ ಸರಿ ಮುಟ್ಟವಲ್ದು.

ಮೊದಲ ಹಾರ್ನ್ ಫ್ಯೂಸ್ ನೋಡ್ರಿ. ಹೆಚ್ಚಾಗಿ 10 (ಕೆಂಪು) ಇಲ್ಲಾ 15 ಆಂಪಿಂದು (ನೀಲಿ) ಇರ್ತದ. ಹೊಸಾದು ಹಾಕಿದ ಕೂಡ್ಲೇ ಮತ್ತ ಸುಟ್ರ ಎಲ್ಲೋ ವೈರ್ ಶಾರ್ಟ್ ಆಗ್ಯಾದ ಅಂತ ಅರ್ಥ. ಆಗ ದೊಡ್ಡ ಫ್ಯೂಸ್ ತುರುಕಬ್ಯಾಡ್ರಿ, ವೈರಿಂಗೇ ಸುಟ್ಟೀತು.

ಫ್ಯೂಸ್ ಚಲೋ ಇದ್ರ ಇನ್ನ ಕಿವಿಗೆ ಕೆಲಸ. ಕಲಬುರಗಿ ಜಗತ್ ಸರ್ಕಲ್ ಗದ್ದಲದಾಗ ಇದು ಆಗಂಗಿಲ್ಲ. ಮನಿ ಮುಂದ ಎಂಜಿನ್ ಬಂದ್ ಮಾಡಿ, ಮತ್ತೊಬ್ಬರಿಗೆ ಹಾರ್ನ್ ಒತ್ತಾಕ ಹೇಳಿ, ನೀವು ಫ್ಯೂಸ್ ಬಾಕ್ಸ್ ಹತ್ರ ನಿಂದರ್ರಿ. ಒತ್ತಿದಾಗೊಮ್ಮೆ 'ಟಿಕ್' ಅಂದ್ರ ಸ್ಟೇರಿಂಗ್ ಸ್ವಿಚ್ಚಿನ್ಯಾಗ ತಪ್ಪಿಲ್ಲ, ರಿಲೇ (ಸ್ವಿಚ್ ಒತ್ತಿದಾಗ ಹಾರ್ನಿಗೆ ಕರೆಂಟ್ ಬಿಡೋ ಸಣ್ಣ ಡಬ್ಬಿ) ಎಳೀಲಿಕತ್ಯಾದ. ಟಿಕ್ ಇಲ್ಲಂದ್ರ ಅದೇ ಬಾಕ್ಸಿನ್ಯಾಗ ಅದೇ ನಂಬರಿನ ಬ್ಯಾರೆ ರಿಲೇ ಇದ್ರ ಅದಲು ಬದಲು ಮಾಡಿ ನೋಡ್ರಿ. ಆಗಲೂ ಇಲ್ಲ, ಮೀಟರಿನ್ಯಾಗ ಏರ್‌ಬ್ಯಾಗ್ ಲೈಟೂ ಹತ್ತ್ಯಾದ ಅಂದ್ರ ಸ್ಟೇರಿಂಗಿನೊಳಗಿನ ಕ್ಲಾಕ್ ಸ್ಪ್ರಿಂಗ್ (ಹಾರ್ನ್ ಸ್ವಿಚ್ಚಿಗೂ ಏರ್ ಬ್ಯಾಗಿಗೂ ಕನೆಕ್ಷನ್ ಕೊಡೋ ಸುರುಳಿ ವೈರ್) ಮ್ಯಾಲ ಡೌಟು. ಅದನ್ನ ನೀವು ಬಿಚ್ಚಬ್ಯಾಡ್ರಿ, ಏರ್‌ಬ್ಯಾಗ್ ಆಟದ ಸಾಮಾನಲ್ಲ.

ಟಿಕ್ ಬರ್ತದ, ಹಾರ್ನ್ ಇಲ್ಲ ಅಂದ್ರ ಮುಂದಿನ ಗ್ರಿಲ್ ಹಿಂದ ಹಾರ್ನಿನ ಕನೆಕ್ಟರ್ ಕಿತ್ತಿ ನೋಡ್ರಿ. ನಮ್ಮ ಕಡೆ ರೋಗ ಹೆಚ್ಚಾಗಿ ಇಲ್ಲೇ. ಶಹಾಬಾದ್, ಸೇಡಂ ಕಡೆ ಓಡಾಡೋ ಗಾಡಿಗೆ ಫರ್ಸಿ ಕಲ್ಲಿನ ಪುಡಿ, ಸಿಮೆಂಟ್ ಧೂಳು. ಮಳಿಗಾಲದಾಗ ಎರಿ ಮಣ್ಣಿನ ರಾಡಿ. ಪಿನ್ನಿನ ಮ್ಯಾಲ ಹಸರ ಕಿಲುಬು ಕಟ್ಟಿರ್ತದ. ಟೆಸ್ಟ್ ಲ್ಯಾಂಪ್ ಹತ್ತಿತು ಅಂತ ಪಿನ್ ಚಲೋ ಅದ ಅನ್ನಬ್ಯಾಡ್ರಿ. ಸಣ್ಣ ಬಲ್ಬಿಗೆ ಸಾಲೋ ಕರೆಂಟು ಹಾರ್ನಿಗೆ ಸಾಲಂಗಿಲ್ಲ. ಪಾಲಿಶ್ ಪೇಪರ್‌ಲೇ ತಿಕ್ಕಿ ಹಾಕ್ರಿ. ಹಂಗೇ ಅರ್ಥಿಂಗಿಗೂ ಒಂದು ವೈರ್ ತೊಗೊಂಡು ಹಾರ್ನಿನ ಅರ್ಥ್ ಪಿನ್ನಿಂದ ಬ್ಯಾಟ್ರಿ ಮೈನಸ್ಸಿಗೆ ಹಚ್ಚಿ ಒತ್ತಸ್ರಿ. ಕೂಗಿದ್ರ ಬಾಡಿ ಮ್ಯಾಲಿನ ಅರ್ಥಿಂಗ್ ಬೋಲ್ಟಿಗೆ ತುಕ್ಕು ಹಿಡದದ, ಅಷ್ಟೇ.

ಇಷ್ಟೆಲ್ಲ ಮಾಡಿ, ಬ್ಯಾಟ್ರಿಯಿಂದ ನೇರ ಕರೆಂಟ್ ಕೊಟ್ರೂ ಕೂಗಲಿಲ್ಲಂದ್ರ ಆಗ ಹಾರ್ನ್ ಬದಲಿ ಮಾಡ್ರಿ. ಬಾಯಿ ಕೆಳಗ ಮಾಡಿ ಕುಂದರಸ್ಲಿಕ್ಕ ಹೇಳ್ರಿ, ನೀರು ನಿಂದರಂಗಿಲ್ಲ. 'ಇದು ಮಸ್ತ್ ಅದ' ಅಂತ ಹಲವು ರಾಗದ ಹಾರ್ನ್ ತೋರಿಸಿದ್ರ ಬ್ಯಾಡ ಅನ್ರಿ. 1989ರ ಕೇಂದ್ರ ಮೋಟಾರು ವಾಹನ ನಿಯಮ 119ರ ಪ್ರಕಾರ ಅದನ್ನ ಹಾಕಂಗಿಲ್ಲ.